ಸೆಕ್ಯುರಿಟಿ ತರಬೇತಿ ಕೇಂದ್ರ: ಪಾಠ ಚೆನ್ನ, ಕ್ಷೇತ್ರ ತರಬೇತಿ ಅರೆಬರೆ

ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ಸೇರಲೆಂದು ಬೆಂಗಳೂರಿನ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಕಲಿತ ನನಗೆ ಅಲ್ಲಿನ ತರಗತಿಗಳು ನಿಜಕ್ಕೂ ಹಿಡಿಸಿದವು. ನಿವೃತ್ತ ಸುಬೇದಾರರೊಬ್ಬರು ಬೆಂಕಿ ನಂದಿಸುವ ಸಿಲಿಂಡರಿನ ಪಿನ್ ಕೀಳಿಸಿ, ನಳಿಕೆಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿಯುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಿದರು. ಆದರೆ ಕೇಂದ್ರ ಸರ್ಕಾರದ ಮಾದರಿ ನಿಯಮಗಳು 100 ಗಂಟೆಗಳ ತರಗತಿ ಪಾಠದ ಜೊತೆಗೆ 60 ಗಂಟೆಗಳ ಕ್ಷೇತ್ರ ತರಬೇತಿಯನ್ನೂ ಕನಿಷ್ಠ 20 ಕೆಲಸದ ದಿನಗಳಲ್ಲಿ ಕೊಡಬೇಕೆನ್ನುತ್ತವೆ. ಇಲ್ಲಿ ಎರಡನೆಯದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮೂರು ಮಧ್ಯಾಹ್ನ ರಿಜಿಸ್ಟರ್ ಬರೆಯುವುದರಲ್ಲೇ ಮುಗಿಯಿತು. ಇನ್ನೂ ಬೇಸರವಾದದ್ದು 'ಗಾರ್ಡ್ ಲೈಸೆನ್ಸ್' ಹೆಸರಿನಲ್ಲಿ ಬೇರೆ ಶುಲ್ಕ ಕೇಳಿದಾಗ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಂತೆ ಪರವಾನಗಿ ಬೇಕಾದುದು ಏಜೆನ್ಸಿಗೆ. ಗಾರ್ಡ್‌ಗೆ ಬೇಕಾದುದು ತರಬೇತಿ ಪ್ರಮಾಣಪತ್ರ ಮತ್ತು ಪೊಲೀಸ್ ವೆರಿಫಿಕೇಶನ್ (ಬಂದೂಕಿನ ಲೈಸೆನ್ಸ್ ಬೇರೆಯೇ ಮಾತು). ಪ್ರಶ್ನಿಸಿದ ಮೇಲೆ ಆ ಶುಲ್ಕವನ್ನು ಸದ್ದಿಲ್ಲದೆ ರಸೀದಿಯಿಂದ ಹೊಡೆದುಹಾಕಿದರು.