ಟೈಲ್ಸ್ ಸಂದಿಗೆ ಎಪಾಕ್ಸಿ: ಮೂರೂವರೆ ವರ್ಷ ಒರೆಸಿದ ಮೇಲೆ

ನಮ್ಮ ಮನೆಯಲ್ಲಿ ಅಡುಗೆ ಹೆಂಡತಿಯದು, ಒರೆಸುವುದು ನನ್ನದು. ಹಾಗಾಗಿ ಒಲೆ ಹಿಂದಿನ ಗೋಡೆಯ ಬಗ್ಗೆ ಮಾತಾಡುವ ಹಕ್ಕು ನನಗೇ ಜಾಸ್ತಿ. ಟೈಲ್ಸ್ ಪಾಪ, ಏನೂ ತೊಂದರೆ ಕೊಡುವುದಿಲ್ಲ. ಒದ್ದೆ ಬಟ್ಟೆ ಒಂದು ಸಲ ಎಳೆದರೆ ಸಾಕು. ತಕರಾರೆಲ್ಲ ಅವುಗಳ ನಡುವಿನ 3 ಮಿಲಿಮೀಟರ್ ಸಂದಿಯದು.

ಮನೆ ಕಟ್ಟಿಸಿದಾಗ ಎಲ್ಲರ ಹಾಗೆ ಬಿಳಿ ಸಿಮೆಂಟ್ ತುಂಬಿಸಿದ್ದೆವು. ಸಿಮೆಂಟಿನ ಮೈತುಂಬ ಕಣ್ಣಿಗೆ ಕಾಣದ ತೂತು. ಒಗ್ಗರಣೆ ಎಣ್ಣೆ, ಹುಳಿ, ಏನು ಸಿಡಿದರೂ ಕುಡಿದು ಕೂರುತ್ತದೆ. ಎರಡು ವರ್ಷಕ್ಕೆ ಒಲೆ ಹಿಂದಿನ ಬಿಳಿ ಗೆರೆಗಳೆಲ್ಲ ಕಾಫಿ ಬಣ್ಣಕ್ಕೆ ತಿರುಗಿದವು. ಒಂದು ದಿನ ಹುಳಿ ಸಿಡಿದ ಹಳದಿ ಕಲೆಗೆ ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದೆ. ಸಂದಿ ಕೆಂಪಗಾಯಿತು! ಅಮ್ಮ ನೋಡಿ ನಕ್ಕಿದ್ದೇ ನಕ್ಕಿದ್ದು. "ಅರಿಶಿನಕ್ಕೆ ಸುಣ್ಣ ಬಿದ್ರೆ ಓಕುಳಿ ಆಗಲ್ವೇನೋ? ಆರತಿ ನೀರು ಮತ್ತೆ ಹೇಗೆ ಮಾಡ್ತಾರೆ ಅಂದ್ಕೊಂಡಿದ್ದೆ?" ಸೋಪಿನ ಪುಡಿಯೂ ಸುಣ್ಣದ ಹಾಗೆ ಕ್ಷಾರವೇ ಅಲ್ವಾ.

ಬಚ್ಚಲಲ್ಲಿ ಇದಕ್ಕಿಂತ ದಡ್ಡತನ ಮಾಡಿದ್ದೆ. ನಮ್ಮದು ತುಮಕೂರು. ಹೇಮಾವತಿ ನೀರು ಬಾರದ ದಿನ ಬೋರ್‌ವೆಲ್ಲೇ ಗತಿ. ಆ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಕಲೆ. ಅಂಗಡಿಯವರು ಆಸಿಡ್ ಹಾಕಿ ಅಂದರು, ಹಾಕಿದೆ. ಬುಸ್ ಅಂತ ನೊರೆ ಬಂತು. ಕೊಳೆ ಏಳುತ್ತಿದೆ ಅಂತ ನನಗೆ ಭಾರಿ ಖುಷಿ. ಏಳುತ್ತಿದ್ದದ್ದು ಕೊಳೆ ಮಾತ್ರ ಅಲ್ಲ, ಸಂದಿಯ ಸಿಮೆಂಟೂ ಕೂಡ. ಸಿಮೆಂಟಿನಲ್ಲಿರುವ ಸುಣ್ಣದ ಅಂಶವನ್ನು ಆಸಿಡ್ ತಿನ್ನುತ್ತದೆ, ಆಗ ಬರುವ ಗ್ಯಾಸೇ ಆ ನೊರೆ. ತಿಂಗಳಿಗೊಮ್ಮೆ ಹೀಗೆ ತಿನ್ನಿಸಿ ತಿನ್ನಿಸಿ, ಕೊನೆಗೆ ಸಂದಿಯಲ್ಲಿ ಉಗುರು ಇಳಿಯುವಷ್ಟು ಹಳ್ಳ ಬಿತ್ತು.

2021ರ ದೀಪಾವಳಿ ಮುಗಿದ ಮೇಲೆ ಹಳೇ ಸಿಮೆಂಟ್ ಕೆರೆಸಿ, ಅದರ ಹಾಗೆ ಎಣ್ಣೆ, ನೀರು ಕುಡಿಯದ ಎಪಾಕ್ಸಿ ತುಂಬಿಸಿದೆ. ಅಡುಗೆಮನೆ ಗೋಡೆ ಮತ್ತು ಬಚ್ಚಲು ಎರಡಕ್ಕೂ ಸೇರಿ ಸಾಮಾನಿಗೆ 4,200, ಕೂಲಿಗೆ 3,500 ರೂಪಾಯಿ. ಕೆರೆದ ಎರಡು ದಿನ ಮನೆಯೆಲ್ಲ ಧೂಳೋ ಧೂಳು, ಅದರ ಕಥೆ ಬೇಡ ಬಿಡಿ.

ಇಲ್ಲಿಂದ ನನ್ನ ಸಿಟ್ಟು ಶುರು. ಎಪಾಕ್ಸಿ ಅಂದರೆ ರಾಳ ಒಂದು, ಅದನ್ನು ಗಟ್ಟಿ ಮಾಡುವ ದ್ರವ ಇನ್ನೊಂದು, ಜೊತೆಗೆ ಪುಡಿ. ಕಲಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ತುಂಬಿದ ಕೂಡಲೇ ಟೈಲ್ಸ್ ಮೇಲೆ ಉಳಿದ ತೆಳು ಪದರವನ್ನು ಒದ್ದೆ ಸ್ಪಂಜಿನಿಂದ ತೆಗೆಯಬೇಕು, ನೀರು ಬದಲಾಯಿಸಿ ಮತ್ತೆ ತೆಗೆಯಬೇಕು. ನಮ್ಮ ಮೇಸ್ತ್ರಿ ಅಡುಗೆಮನೆಯಲ್ಲಿ ಇದನ್ನು ಚೆನ್ನಾಗಿ ಮಾಡಿದ. ಬಚ್ಚಲ ನೆಲ ತುಂಬಿ ಮುಗಿಸುವಾಗ ಅವನಿಗೊಂದು ಫೋನ್ ಬಂತು. "ಒಂದ್ನಿಮಿಷ ಸಾರ್" ಅಂತ ಹೊರಗೆ ಹೋದವನು ಬಂದಿದ್ದು ಟೀ ಕುಡಿದುಕೊಂಡು. ಅಷ್ಟರಲ್ಲಿ ಪದರ ಕಚ್ಚಿಕೊಂಡಿತ್ತು. "ನೀರು ಬಿದ್ರೆ ತಾನೇ ಹೋಗುತ್ತೆ ಸಾರ್" ಅಂದ. ಹೋಗಲಿಲ್ಲ. ಮೂರೂವರೆ ವರ್ಷ ದಿನಾ ನೀರು ಬಿದ್ದಿದೆ, ಈಗಲೂ ಹೋಗಿಲ್ಲ.

ನುಣುಪು ಟೈಲ್ಸ್ ಆಗಿದ್ದರೆ ಬ್ಲೇಡಿನಲ್ಲಾದರೂ ಎಬ್ಬಿಸಬಹುದಿತ್ತೇನೋ. ಜಾರಬಾರದು ಅಂತ ಬಚ್ಚಲಿಗೆ ಹಾಕಿಸಿದ್ದು ತರಿತರಿ ಟೈಲ್ಸ್. ಆ ತರಿಯೊಳಗೆ ಪದರ ಕೂತು, ಅದರ ಮೇಲೆ ಸೋಪಿನ ಜಿಡ್ಡು ಕೂತು, ಒಣಗಿದಾಗ ಬೂದು ಬೂದು ಮಚ್ಚೆ. ನೆಂಟರು ಬಂದಾಗಲೆಲ್ಲ ಬಚ್ಚಲು ತೊಳೆದಿಲ್ಲವೇನೋ ಅಂದುಕೊಳ್ಳುತ್ತಾರೆ ಅಂತ ಹೆಂಡತಿಗೆ ಸಂಕಟ. ಇದನ್ನು ತೆಗೆಯುವ ದ್ರಾವಣ ಬೇರೆ ಸಿಗುತ್ತದೆ. ತಂದು, ಕಿಟಕಿ ತೆರೆದು, ಗ್ಲೌಸ್ ಹಾಕಿ, ಒಂದೊಂದೇ ಟೈಲ್ ತಿಕ್ಕಿದೆ. ಒಂದು ಭಾನುವಾರಕ್ಕೆ ನಾಲ್ಕು ಟೈಲ್. ತಲೆ ಸುತ್ತುವ ವಾಸನೆ. ಮೊದಲ ದಿನವೇ ಒರೆಸಿದ್ದರೆ ಅರ್ಧ ಗಂಟೆಯ ಕೆಲಸ.

ಇಷ್ಟೆಲ್ಲ ಬೈದರೂ ರಾತ್ರಿ ಊಟ ಮುಗಿಸಿ ಅಡುಗೆಮನೆಗೆ ಹೋದರೆ ನನ್ನ ಕೋಪ ಇಳಿಯುತ್ತದೆ. ಒಲೆ ಇನ್ನೂ ಬೆಚ್ಚಗಿರುತ್ತದೆ. ಬಟ್ಟಲಲ್ಲಿ ಬಿಸಿನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ತೊಟ್ಟು. ಅಪ್ಪನ ಹಳೇ ಪಂಚೆಯ ತುಂಡು. ಮೇಲಿನ ಸಾಲಿನಿಂದ ಕೆಳಕ್ಕೆ ಒರೆಸುತ್ತಾ ಬಂದು, ಕೊನೆಗೆ ಒಣ ತುಂಡಿನಿಂದ ಒಂದು ಕೈ. ಈ ಒಣ ಕೈ ಬಿಡಬೇಡಿ, ಬಿಟ್ಟರೆ ನಮ್ಮೂರ ನೀರು ಬೆಳಿಗ್ಗೆಗೆ ತನ್ನ ಸಹಿ ಹಾಕಿರುತ್ತದೆ. ಎಲ್ಲ ಸೇರಿ ಐದು ನಿಮಿಷ. ಮೊದಲು ಹಲ್ಲುಜ್ಜುವ ಬ್ರಷ್ ಹಿಡಿದು ಸಂದಿ ಸಂದಿ ತಿಕ್ಕುತ್ತಿದ್ದ ಶನಿವಾರದ ಮಧ್ಯಾಹ್ನ ಈಗ ನನ್ನದೇ. ಚಿತ್ರಾನ್ನ ಮಾಡಿದ ದಿನ ಹಿಂಡಿ ಉಳಿದ ನಿಂಬೆ ಹೋಳನ್ನು ನಲ್ಲಿ ಹಿಂದಿನ ಬಿಳಿ ಕಲೆಗೆ ಉಜ್ಜಿ, ಐದು ನಿಮಿಷ ಬಿಟ್ಟು ತೊಳೆಯುತ್ತೇನೆ. ಸಿಮೆಂಟ್ ಸಂದಿ ಇದ್ದಾಗ ನಿಂಬೆಹುಳಿಗೂ ಹೆದರಬೇಕಿತ್ತು. ಆಸಿಡ್ ಬಾಟಲಿ ಮನೆಯಿಂದಲೇ ಆಚೆ ಹೋಯಿತು, ಅದೊಂದು ನೆಮ್ಮದಿ. ಅದು ಬ್ಲೀಚಿಂಗ್ ಪೌಡರ್ ಜೊತೆ ಬೆರೆತರೆ ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ. ನಮ್ಮ ಬಚ್ಚಲ ಮೂಲೆಯಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದವು!

ಅರಿಶಿನ ಮಾತ್ರ ಎಪಾಕ್ಸಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಬಿದ್ದ ಕೂಡಲೇ ಒರೆಸಿದರೆ ಸರಿ. ರಾತ್ರಿಯಿಡೀ ಬಿಟ್ಟರೆ ತಿಳಿ ಹಳದಿ ಉಳಿಯುತ್ತದೆ. ಕಿಟಕಿ ಪಕ್ಕದಲ್ಲಾದರೆ ಎರಡು ದಿನದ ಬಿಸಿಲಿಗೆ ತಾನೇ ಮಾಯ. ತಮಾಷೆ ನೋಡಿ, ಅದೇ ಬಿಸಿಲಿಗೆ ಅಲ್ಲಿನ ಬಿಳಿ ಎಪಾಕ್ಸಿಯೇ ಮೆಲ್ಲಗೆ ಹಳದಿ ಆಗಿದೆ. "ರೀ, ಬಿಳೀನೇ ಇರಲಿ" ಅಂದವಳು ನನ್ನ ಹೆಂಡತಿ, ತಲೆ ಆಡಿಸಿದವನು ನಾನು. ಬೂದು ಬಣ್ಣ ಹಾಕಿಸಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಲ್‌ಗೂ ಹಾಕಿಸಬೇಕಾ ಅಂತ ಭಾವ ಕೇಳಿದರು. ನನ್ನ ಜೇಬಿಗಂತೂ ಬೇಡ. ಅಲ್ಲಿ ಎಣ್ಣೆ ಇಲ್ಲ, ಸೋಪಿಲ್ಲ. ಎರಡು ದಿನಕ್ಕೊಮ್ಮೆ ಒರೆಸಿದರೆ ಸಿಮೆಂಟ್ ಸಂದಿಯೇ ಧಾರಾಳ ಬಾಳುತ್ತದೆ. ಒಲೆ ಹಿಂದಕ್ಕೆ ಮಾತ್ರ ಸಾಲ ಮಾಡಿಯಾದರೂ ಹಾಕಿಸಿ ಅಂದೆ. ಬಚ್ಚಲಿಗಾದರೆ ಸ್ಪಂಜು, ಎರಡು ಬಕೆಟ್ ನೀರು ತಯಾರು ಇಟ್ಟುಕೊಂಡು ಮೇಸ್ತ್ರಿ ಪಕ್ಕದಲ್ಲೇ ನಿಲ್ಲಿ. ಅವನ ಟೀಯನ್ನು ಅಲ್ಲಿಗೇ ತರಿಸಿಕೊಡಿ.

ಬಚ್ಚಲ ಬಾಗಿಲ ಹಿಂದೆ ಇನ್ನೂ ಆರು ಟೈಲ್ ಬಾಕಿ ಇವೆ. ದ್ರಾವಣದ ಡಬ್ಬಿಯಲ್ಲಿ ನಾಲ್ಕಕ್ಕೆ ಆಗುವಷ್ಟಿದೆ.