ಮಂಡಿಪೇಟೆಯ ಸೀರೆ ಪಾಲಿಶ್ ಅಂಗಡಿ ಮತ್ತು ಅಮ್ಮನ ಓಲೆ

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ತುಮಕೂರಿನ ಮಂಡಿಪೇಟೆಯಲ್ಲಿ ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಈ ಅಂಗಡಿ. ರೇಷ್ಮೆ ಸೀರೆ ರೋಲ್ ಪಾಲಿಶ್, ಫಾಲ್, ಕುಚ್ಚು, ಇಷ್ಟೇ. ಪಾಲಿಶ್‌ಗೆ ನನ್ನಿಂದ 200 ರೂಪಾಯಿ ತೆಗೆದುಕೊಂಡರು. ಹಳೇ ಮಡಿಕೆಯ ಗೆರೆ ಒಂದೂ ಉಳಿಯಲ್ಲ, ಅಷ್ಟು ಚೆನ್ನಾಗಿ ಬರುತ್ತದೆ. ಕುಚ್ಚು ಸಾಧಾರಣ. ಅದನ್ನು ಬೇರೆ ಕಡೆ ಕೊಡಿ. ಮದುವೆ ಸೀಸನ್‌ನಲ್ಲಿ ಹೇಳಿದ್ದಕ್ಕಿಂತ 3–4 ದಿನ ತಡ ಆಗುತ್ತದೆ. ಮಂಡಿನೋವು ಇರುವವರು ಕೆಳಗೇ ನಿಂತು ಕೂಗಿ, ಹುಡುಗ ಬಂದು ಸೀರೆ ತೆಗೆದುಕೊಂಡು ಹೋಗುತ್ತಾನೆ.

ಆದರೆ ನಾನು ಬರೆಯಲು ಕೂತಿದ್ದು ಇದಕ್ಕಲ್ಲ.

ಅಮ್ಮ ತೀರಿಕೊಂಡ ಮೇಲೆ ಅವರ ಏಳು ಕಲ್ಲಿನ ಓಲೆಯಲ್ಲಿ ಒಂದು ಸಿಗಲಿಲ್ಲ. ಬೀರು, ಟ್ರಂಕು, ಅಕ್ಕಿ ಡಬ್ಬ, ದೇವರ ಗೂಡು ಎಲ್ಲಾ ಹುಡುಕಿದೆವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಅನುಮಾನವೂ ಅಮ್ಮನನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸಿನ ಕಡೆಗೇ ಹೋಯಿತು. ನನ್ನದೂ. ಅವಳಿಗೆ ಅದು ಗೊತ್ತಾಯಿತು. ಕೆಲಸ ಬಿಟ್ಟು ಹೋದಳು.

ಆಮೇಲೆ ಅಣ್ಣನ ಮಗಳ ಮದುವೆಗೆ ಅಂತ ಅಮ್ಮನ ಎರಡು ರೇಷ್ಮೆ ಸೀರೆ ಇಲ್ಲಿ ಪಾಲಿಶ್‌ಗೆ ಕೊಟ್ಟೆ, ತಂದೆ, ಮರೆತೆ. 14 ತಿಂಗಳಾದ ಮೇಲೆ ಇನ್ನೊಂದು ಸೀರೆ ಕೊಡಲು ಹೋದಾಗ ಗೋಡೆಯ ಮೇಲೊಂದು ರಟ್ಟು ಕಾಣಿಸಿತು. ‘ಸೀರೆಯಲ್ಲಿ ಒಂದು ವಸ್ತು ಸಿಕ್ಕಿದೆ. ಗುರುತು ಹೇಳಿ ತೆಗೆದುಕೊಂಡು ಹೋಗಿ.’ ಕೆಳಗೆ ಸಿಕ್ಕ ದಿನದ ತಾರೀಖು. ವಸ್ತು ಏನು ಅಂತ ಬರೆದಿರಲಿಲ್ಲ. ತಾರೀಖು ನೋಡಿ ಎದೆ ಝಲ್ ಎಂದಿತು. ಆ ಮದುವೆ ಆಗಿದ್ದು ಅದರ ಮುಂದಿನ ವಾರ.

ಕೇಳಿದೆ. ಅಂಗಡಿಯ ಭಾಯಿ ಕೆಲಸ ನಿಲ್ಲಿಸಿ, ‘ಏನು ಕಳೆದಿದೆ ಅಕ್ಕಾ, ನೀವೇ ಹೇಳಿ’ ಅಂದರು. ಓಲೆ ಅಂದೆ. ಎಷ್ಟು ಕಲ್ಲು? ಏಳು. ಇನ್ನೇನು ಗುರುತು? ತಿರುಪು ಸವೆದು ಸಡಿಲ ಆಗಿತ್ತು, ಅಮ್ಮ ದಾರ ಸುತ್ತಿ ಹಾಕಿಕೊಳ್ಳುತ್ತಿದ್ದರು ಅಂದೆ. ‘ಯಾವ ಬಣ್ಣದ ದಾರ?’ ಹಸಿರು. ಅವರು ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬ ತಂದರು. ಓಲೆ ಒಂದೇ ಅಲ್ಲ, ಅದನ್ನು ಕಟ್ಟಿದ್ದ ಹಳೇ ರವಿಕೆಯ ಬಟ್ಟೆ ಚೂರನ್ನೂ ಅದರ ಗಂಟು ಬಿಚ್ಚದಂತೆ ಹಾಗೇ ಇಟ್ಟಿದ್ದರು. ಅಮ್ಮನೇ ಹಾಕಿದ ಗಂಟು. ಅಲ್ಲೇ ಸ್ಟೂಲ್ ಮೇಲೆ ಕೂತು ಅತ್ತುಬಿಟ್ಟೆ.

ಅವತ್ತು ಹತ್ತಾರು ಸೀರೆ ಒಟ್ಟಿಗೆ ಬಿಚ್ಚಿದ್ದರಂತೆ, ಯಾವುದರಿಂದ ಬಿತ್ತು ಅಂತ ತಿಳಿದಿಲ್ಲ. ಬಿಲ್ ಪುಸ್ತಕ ನೋಡಿ ಎಲ್ಲರಿಗೂ ಫೋನ್ ಮಾಡಿ ‘ಏನಾದರೂ ಕಳೆದಿದೆಯಾ’ ಅಂತ ಮಾತ್ರ ಕೇಳಿದ್ದಾರೆ. ಒಬ್ಬರು ಸರ ಅಂದರಂತೆ. ನಾನು ಬರೆಸಿದ್ದ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು.

‘ಯಾಕೆ ಇಷ್ಟು ದಿನ ಇಟ್ಟಿರಿ ಭಾಯಿ?’ ಅಂತ ಕೇಳಿದೆ. ಅವರ ಧರ್ಮದಲ್ಲಿ ಹೀಗೆ ಸಿಕ್ಕಿದ ವಸ್ತುವಿಗೆ ಲುಕ್ತಾ ಅನ್ನುತ್ತಾರಂತೆ. ಅದನ್ನು ಕಟ್ಟಿದ ಚೀಲ ಯಾವುದು, ದಾರ ಯಾವುದು ಅಂತ ಗುರುತಿಟ್ಟುಕೊಳ್ಳಬೇಕು, ಒಂದು ವರ್ಷ ಸಾರಬೇಕು ಅಂತ ಪ್ರವಾದಿಗಳು ಹೇಳಿದ್ದಾರೆ ಅಂದರು. ವರ್ಷ ಕಳೆದಿತ್ತಲ್ಲ ಅಂದೆ. ‘ಆಮೇಲೂ ಯಜಮಾನರು ಬಂದರೆ ಕೊಡಲೇಬೇಕಲ್ವಾ ಅಕ್ಕಾ. ದಾನ ಮಾಡಿಬಿಟ್ಟಿದ್ದರೂ ಅದರ ಬೆಲೆ ಕೊಡಬೇಕು. ಓಲೆಯೇ ಕೈಗೆ ಸಿಕ್ಕರೆ ಒಳ್ಳೆಯದು ಅಂತ ಇಟ್ಟೆ.’

ನಾನು ಕೋರ್ಟಿನಲ್ಲಿ ಗುಮಾಸ್ತೆ. ನಮ್ಮ 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಕೂಡ ಸಿಕ್ಕ ವಸ್ತುವನ್ನು ಇಟ್ಟುಕೊಂಡವನ ಮೇಲೆ ಅದನ್ನು ಕಾಪಾಡುವ ಹೊಣೆ ಹಾಕುತ್ತದೆ. ಆ ಸೆಕ್ಷನ್ ನಾನು ಎಷ್ಟೋ ಸಲ ಓದಿದ್ದೇನೆ. ಆದರೆ ಗಂಟು ಕೂಡ ಬಿಚ್ಚದೆ ಕಾಪಾಡಿದವರನ್ನು ನೋಡಿದ್ದು ಇದೇ ಮೊದಲು.

1000 ರೂಪಾಯಿ ಕೊಡಲು ಹೋದೆ. ‘ಇಟ್ಟುಕೊಂಡಿದ್ದಕ್ಕೆ ಬಾಡಿಗೆ ಬೇಡ’ ಅಂದರು. ಅವತ್ತು ಕೊಟ್ಟ ಸೀರೆಗೆ ಮಾತ್ರ ಪೂರ್ತಿ 200 ತೆಗೆದುಕೊಂಡರು. ನನಗೆ ಅದು ತುಂಬಾ ಹಿಡಿಸಿತು.

ಅಲ್ಲಿಂದ ಸೀದಾ ಕ್ಯಾತ್ಸಂದ್ರಕ್ಕೆ ಹೋದೆ, ಆ ಹೆಂಗಸಿನ ಮನೆಗೆ. ಓಲೆ ತೋರಿಸಿದೆ, ಕ್ಷಮೆ ಕೇಳಿದೆ. ಅವಳು ಓಲೆ ಕೈಯಲ್ಲಿ ಹಿಡಿದು, ‘ಅಜ್ಜಿದು ಸಿಕ್ತಲ್ಲ ಬಿಡ್ರಿ’ ಅಂದಳು. ಕಾಫಿ ಕೊಟ್ಟಳು. ಮತ್ತೆ ನಮ್ಮ ಮನೆಗೆ ಬಾ ಅಂತ ಕರೆಯುವ ಧೈರ್ಯ ನನಗೆ ಬರಲಿಲ್ಲ.

ಸೀರೆ ಕೊಡುವವರು ಮನೆಯಲ್ಲೇ ಒಮ್ಮೆ ಬಿಚ್ಚಿ ಕೊಡವಿ. ಬಿಲ್‌ನಲ್ಲಿ ಫೋನ್ ನಂಬರ್ ಸರಿ ಇದೆಯಾ ನೋಡಿ. ಹೋದ ವಾರ ಹೋದಾಗ ಗೋಡೆಯ ಮೇಲೆ ಇನ್ನೊಂದು ರಟ್ಟು ಇತ್ತು, ದೀಪಾವಳಿ ಹೊತ್ತಿನ ತಾರೀಖು. ಆಗ ಅಲ್ಲಿ ಸೀರೆ ಕೊಟ್ಟಿದ್ದು, ಮನೆಯಲ್ಲಿ ಏನೋ ಕಾಣುತ್ತಿಲ್ಲ ಅಂದರೆ ಹೋಗಿ ಕೇಳಿ. ಗುರುತು ನೆನಪು ಮಾಡಿಕೊಂಡು ಹೋಗಿ.