ಮೇಜಿನ ಮೇಲಿನ ಚೀಟಿಯಲ್ಲಿ ಇಡೀ ಆಲ್ಬಂ: ಬ್ಯಾಂಡ್‌ಕ್ಯಾಂಪ್ ನಮ್ಮವರಿಗೆ ಎಷ್ಟು ಉಪಯೋಗ?

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲಿ ಒಂದು ಮೇಜು ಹಾಕಿರುತ್ತಾರೆ. ಟೀ ಶರ್ಟು, ಸ್ಟಿಕ್ಕರು, ಅದೃಷ್ಟವಿದ್ದರೆ ಸಿಡಿ, ಜೊತೆಗೆ ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ಒಂದು ಚೀಟಿ. ಅದರ ಮೇಲೆ ಅಕ್ಷರ, ಅಂಕಿ ಬೆರೆತ ಒಂದು ಕೋಡ್. ಮುಂದಿನ ಕಾರ್ಯಕ್ರಮದ ಜಾಹೀರಾತೇನೋ ಅಂದುಕೊಂಡು ಬಹಳ ಜನ ಮುಟ್ಟುವುದೇ ಇಲ್ಲ. ಆ ಚೀಟಿಯಲ್ಲಿ ಇರುವುದು ಇಡೀ ಆಲ್ಬಂ. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಆ ಕೋಡ್ ಹಾಕಿದರೆ ಹಾಡುಗಳು ಫೈಲ್ ರೂಪದಲ್ಲಿ ಕೈಗೆ ಬರುತ್ತವೆ.

ಬ್ಯಾಂಡ್‌ಕ್ಯಾಂಪ್ ಶುರುವಾದದ್ದು 2008ರಲ್ಲಿ. ಹಾಡು ಮಾಡಿದವರೇ ಪುಟ ತೆರೆದು, ಬೆಲೆ ಕಟ್ಟಿ, ನೇರವಾಗಿ ಮಾರುವ ಅಂಗಡಿ ಅದು. ದೊಡ್ಡ ಕಂಪನಿಗಳ ಹಂಗಿಲ್ಲದ ಇಂಡೀ ಸಂಗೀತ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಅಮೆರಿಕದ ಕೇಳುಗರಿಗೆ ಅದು ನಿಜ. ಕರ್ನಾಟಕದಲ್ಲಿ ಕೂತು ಬಳಸುವವರಿಗೆ ಅರ್ಧ ಮಾತ್ರ ನಿಜ. ಹುಡುಕುವ ಕೆಲಸವನ್ನು ಲೈವ್ ಕಾರ್ಯಕ್ರಮದಲ್ಲಿ ಮಾಡಿ, ಕೊಳ್ಳುವ ಕೆಲಸವನ್ನು ಬ್ಯಾಂಡ್‌ಕ್ಯಾಂಪ್‌ಗೆ ಬಿಟ್ಟರೆ ಎರಡೂ ಚೆನ್ನಾಗಿ ಆಗುತ್ತವೆ. ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ. ಕಳೆದ ಒಂದೂವರೆಯಲ್ಲಿ ಹೆಚ್ಚಿನ ಪಾಲು ದುಡ್ಡು ಕಟ್ಟುವ ಪುಟದ್ದು.

ಮೊದಲು ಹುಡುಕಾಟದ ವಿಷಯ. ಬೆಂಗಳೂರಿನಲ್ಲಿ ಹೊಸ ತಂಡ ಕಿವಿಗೆ ಬೀಳುವುದು ಮುಖ್ಯ ತಂಡಕ್ಕಿಂತ ಮುಂಚೆ ನುಡಿಸುವವರಿಂದ. ಅವರಿಗೆ ಸಿಗುವುದು ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ಬಯಲಿನಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಇರುವುದರಿಂದ ಅಂಥ ಕಾರ್ಯಕ್ರಮಗಳಲ್ಲಿ ಮೊದಲ ತಂಡ ಸಂಜೆ ಬೆಳಕಿರುವಾಗಲೇ ಶುರು ಮಾಡಿಬಿಡುತ್ತದೆ. ಸಿಲ್ಕ್ ಬೋರ್ಡ್ ದಾಟಿ ಎಂಟೂವರೆಗೆ ತಲುಪುವವರಿಗೆ ಸಿಗುವುದು ಮೊದಲೇ ಗೊತ್ತಿದ್ದ ತಂಡ ಮಾತ್ರ. ಟಿಕೆಟ್‌ನಲ್ಲಿ ಬರೆದಿರುವ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ನಿಲ್ಲುವುದು ಸೌಂಡ್ ಕನ್ಸೋಲಿನ ಹತ್ತಿರ. ಅಲ್ಲಿ ಕೂತವನು ತನ್ನ ಕಿವಿಗೆ ಸರಿಯಾಗುವಂತೆ ಮಿಕ್ಸ್ ಮಾಡುತ್ತಿರುತ್ತಾನೆ, ಹಾಗಾಗಿ ಸಭಾಂಗಣದಲ್ಲೇ ಹಾಡುಗಾರನ ಮಾತು ಸ್ಪಷ್ಟವಾಗಿ ಕೇಳುವ ಜಾಗ ಅದು. ವೇದಿಕೆಯ ಮುಂದೆ ನಿಂತರೆ ಡ್ರಮ್ಮು, ಗಿಟಾರ್ ಆಂಪ್ಲಿಫೈಯರಿನ ನೇರ ಸದ್ದು ಹೊಡೆದು ಸಾಹಿತ್ಯ ಮುಳುಗಿಹೋಗುತ್ತದೆ.

ಟಿಕೆಟ್ ಬೆಲೆ ₹499 ಅಂತ ಇರುವುದನ್ನು ನೋಡಿ ಇದು ಬಾಟಾ ಚಪ್ಪಲಿ ಲೆಕ್ಕ ಅಂದುಕೊಳ್ಳಬೇಡಿ. ಸಂಗೀತ ಕಾರ್ಯಕ್ರಮದ ಪ್ರವೇಶ ತಲೆಗೆ ₹500 ದಾಟದಿದ್ದರೆ ಜಿಎಸ್‌ಟಿ ಇಲ್ಲ, ದಾಟಿದರೆ 18%. ಟಿಕೆಟ್ ಆ್ಯಪ್‌ನವರ ಸೇವಾ ಶುಲ್ಕ ಮಾತ್ರ ಬೇರೆ, ಅದಕ್ಕೆ ತೆರಿಗೆಯೂ ಬೇರೆ.

ಕಾರ್ಯಕ್ರಮ ನಡೆಯುವ ಜಾಗಗಳು ಬದಲಾಗುತ್ತಲೇ ಇರುತ್ತವೆ. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮುಂಚೆ, 2018ರಲ್ಲಿ, ಮನರಂಜನಾ ಸ್ಥಳಗಳಿಗೆ ಲೈಸೆನ್ಸ್ ಬೇಕೇಬೇಕೆನ್ನುವ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಊರಿನ ಎಷ್ಟೋ ಪಬ್ಬುಗಳು ಲೈವ್ ಸಂಗೀತವನ್ನೇ ನಿಲ್ಲಿಸಿದ್ದವು. ಹಾಗಾಗಿ ಜಾಗದ ಹೆಸರಿಗಿಂತ ತಂಡದ ಹೆಸರು ನೆನಪಿಟ್ಟುಕೊಳ್ಳುವುದು ಲಾಭ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಬಹುತೇಕ ಕಾರ್ಯಕ್ರಮಗಳು ಉಚಿತ, ಕುಡಿತದ ಗದ್ದಲವೂ ಇಲ್ಲ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು.

ಕಾರ್ಯಕ್ರಮದಲ್ಲಿ ಕೇಳಿದ ಹಾಡನ್ನು, ಹಾಡು ಗುರುತಿಸುವ ಆ್ಯಪ್ ಆದ ಶಜಾಮ್‌ಗೆ ಹಿಡಿದರೆ ಏನೂ ಸಿಗದು. ಶಜಾಮ್ ಹೋಲಿಸುವುದು ಬಿಡುಗಡೆಯಾದ ನಿರ್ದಿಷ್ಟ ರೆಕಾರ್ಡಿಂಗಿನ ಗುರುತನ್ನು. ಅದೇ ತಂಡ ಅದೇ ಹಾಡನ್ನು ವೇದಿಕೆಯ ಮೇಲೆ ಬೇರೆ ವೇಗದಲ್ಲಿ ನುಡಿಸಿದರೆ ಅದಕ್ಕೆ ಅದು ಬೇರೆಯೇ ಹಾಡು, ಇನ್ನೂ ಬಿಡುಗಡೆಯೇ ಆಗದ ಹಾಡಾದರೆ ಕೇಳುವುದೇ ಬೇಡ. ಪೋಸ್ಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಒಂದು ‘ಎ’ಯೋ ಎರಡು ‘ಎ’ಯೋ, ‘ಎಚ್’ ಇದೆಯೋ ಇಲ್ಲವೋ, ಅದನ್ನು ಹೇಳುವುದು ಪೋಸ್ಟರ್ ಮಾತ್ರ.

ಇನ್ನು ಬ್ಯಾಂಡ್‌ಕ್ಯಾಂಪ್ ಒಳಗಿನ ಹುಡುಕಾಟ. ಪ್ರತಿ ಆಲ್ಬಮ್ಮಿನ ಕೆಳಗೆ ಟ್ಯಾಗುಗಳಿರುತ್ತವೆ, ಅದರಲ್ಲಿ ಊರಿನ ಹೆಸರೂ ಒಂದು. ನಮ್ಮ ಊರಿಗೆ ಎರಡು ಹೆಸರಿರುವುದು ಇಲ್ಲಿ ತಲೆನೋವು. ಕೆಲವರು ‘ಬ್ಯಾಂಗಲೋರ್’ ಎಂದು ಹಾಕಿರುತ್ತಾರೆ, ಕೆಲವರು ‘ಬೆಂಗಳೂರು’ ಎಂದು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಹಾಗೆ ನೋಡಿದಾಗ ಕಾಣುವುದು ಬಹುಪಾಲು ಮೆಟಲ್, ಎಲೆಕ್ಟ್ರಾನಿಕ್, ವಾದ್ಯಸಂಗೀತದ ರಾಕ್. 1998ರಿಂದ ಇರುವ ಮೆಟಲ್ ತಂಡ ಕ್ರಿಪ್ಟೋಸ್‌ನಂಥ ಹಳೆಯ ಹುಲಿಗಳು ಹುಟ್ಟಿದ ಊರಲ್ಲವೇ ಇದು. ಬೇವರ್ ಸೀ ಎಂಬ ಡೂಮ್ (ನಿಧಾನಗತಿಯ ಮೆಟಲ್) ತಂಡವೂ ಇದೆ. ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿನೋಡಿ. ಹೊರದೇಶದವರು ಅದು ಯಾವುದೋ ಸಮುದ್ರ ಅಂದುಕೊಂಡಿರಬಹುದು, ನಮ್ಮ ಅಜ್ಜಿಯರಾದರೆ ಪೊರಕೆ ತೆಗೆದುಕೊಳ್ಳುತ್ತಿದ್ದರು.

ಕನ್ನಡದಲ್ಲೇ ಹಾಡುವ ತಂಡಗಳು ಇಲ್ಲಿ ಕಡಿಮೆ. ಅವರಲ್ಲಿ ಹೆಚ್ಚಿನವರು ಯೂಟ್ಯೂಬ್, ಸ್ಪಾಟಿಫೈಗಳಲ್ಲೇ ಇದ್ದಾರೆ. ಹುಡುಕಾಟದ ವಿಷಯದಲ್ಲಿ ಈ ತಾಣದ ಅತಿ ದೊಡ್ಡ ಕೊರತೆ ನಮ್ಮ ಮಟ್ಟಿಗೆ ಇದೇ. ಆದರೆ ತಂಡಗಳಿಗೂ ಒಂದು ಲೆಕ್ಕ ಹೇಳಬೇಕಾಗಿದೆ. ಸ್ಪಾಟಿಫೈ 2024ರಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಕೊಡುತ್ತಿಲ್ಲ. ವರ್ಷಕ್ಕೆ 900 ಸಲ ಕೇಳಿಸಿಕೊಂಡ ಹಾಡಿಗೆ ಸಿಗುವುದು ಸೊನ್ನೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ 15%, ಟೀ ಶರ್ಟು, ಸಿಡಿಯಂಥ ವಸ್ತುಗಳಲ್ಲಿ 10% ಹಿಡಿದುಕೊಳ್ಳುತ್ತದೆ. ಪಾವತಿ ಶುಲ್ಕವೂ ಕಳೆದು ಸರಾಸರಿ 82% ತಂಡಕ್ಕೆ ಸೇರುತ್ತದೆ. 7 ಡಾಲರಿನ ಒಂದೇ ಆಲ್ಬಂ ಹೋದರೂ ಐದೂಮುಕ್ಕಾಲು ಡಾಲರ್ ಬಂತು.

ಟ್ಯಾಗಿಗಿಂತ ಒಳ್ಳೆಯ ದಾರಿ ಇನ್ನೊಂದಿದೆ. ಆಲ್ಬಂ ಪುಟದಲ್ಲಿ ಅದನ್ನು ಕೊಂಡವರ ಪುಟಾಣಿ ಚಿತ್ರಗಳು ಸಾಲಾಗಿ ಕಾಣುತ್ತವೆ. ಯಾವುದಾದರೂ ಒಂದನ್ನು ಒತ್ತಿದರೆ ಆ ಮನುಷ್ಯ ಇದುವರೆಗೆ ಕೊಂಡದ್ದೆಲ್ಲ ತೆರೆದುಕೊಳ್ಳುತ್ತದೆ. ಸಣ್ಣ ತಂಡದ ಆಲ್ಬಮ್ಮಿನಿಂದ ಶುರುಮಾಡಿ, ಮೂವತ್ತು ನಲವತ್ತು ಆಲ್ಬಂ ಇಟ್ಟುಕೊಂಡವರನ್ನು ಆರಿಸಿಕೊಳ್ಳಿ. ಸಾವಿರಗಟ್ಟಲೆ ಇರುವವರು ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕುವವರು, ಅವರ ರುಚಿ ಏನೆಂದು ತಿಳಿಯುವುದು ಕಷ್ಟ. ದುಡ್ಡು ಕೊಟ್ಟು ಕೊಂಡವರ ಪಟ್ಟಿ ಆಗಿರುವುದರಿಂದ ಇದರಲ್ಲಿ ಸುಳ್ಳು ಕಡಿಮೆ. ಮೆಚ್ಚಿದ ತಂಡವನ್ನು ಫಾಲೋ ಮಾಡಿದರೆ ಹೊಸ ಆಲ್ಬಂ ಬಂದ ದಿನವೇ ಇ-ಮೇಲ್ ಬರುತ್ತದೆ. ಕಣ್ಣಿಗೆ ಬೀಳುವುದೋ ಇಲ್ಲವೋ ಎಂದು ಇನ್‌ಸ್ಟಾಗ್ರಾಂ ಮರ್ಜಿ ಕಾಯಬೇಕಿಲ್ಲ.

ಕೊಳ್ಳುವ ಮೊದಲು ಪೂರ್ತಿ ಕೇಳಬಹುದು. ಆದರೆ ತಾಣದಲ್ಲಿ ಹರಿದುಬರುವುದು 128 ಕೆಬಿಪಿಎಸ್ ಎಂಪಿ3, ಅಂದರೆ ಗುಣಮಟ್ಟ ತಗ್ಗಿಸಿದ ಪ್ರತಿ. ಸಿಂಬಲ್ ಹೊಡೆತವೆಲ್ಲ ಮರಳು ಕೇರಿದ ಹಾಗೆ ಕೇಳಿದರೆ ರೆಕಾರ್ಡಿಂಗ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ, ಕೊಂಡ ಫೈಲಿನಲ್ಲಿ ಅದು ಇರುವುದಿಲ್ಲ. ಕೆಲವು ಸಲ ಕೇಳಿದ ಮೇಲೆ ‘ಇನ್ನು ಕೊಂಡುಬಿಡಿ’ ಎಂದು ಪುಟ ತಡೆಯುತ್ತದೆ. ಅದು ದೋಷವಲ್ಲ, ತಂಡಗಳಿಗೆ ಕೊಟ್ಟಿರುವ ಒಂದು ಸವಲತ್ತು.

ಈಗ ದುಡ್ಡು ಕಟ್ಟುವ ಪುಟ. ಹೆಚ್ಚಿನವರು ಎಡವುವುದು ಇಲ್ಲೇ.

ಯುಪಿಐ ಇಲ್ಲ. ರುಪೇ ಕಾರ್ಡನ್ನು ನೆಚ್ಚಿಕೊಂಡು ಕೂರಬೇಡಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇಟ್ಟುಕೊಳ್ಳಿ. ಕಾರ್ಡ್ ಸರಿಯಿದ್ದೂ ಪಾವತಿ ನಿರಾಕರಿಸಿದರೆ ಮೊದಲು ನೋಡಬೇಕಾದದ್ದು ಬ್ಯಾಂಕಿನ ಆ್ಯಪ್. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಕೊಟ್ಟ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು, ಆನ್‌ಲೈನ್ ವಹಿವಾಟು ಎರಡೂ ಮೊದಲಿಗೆ ಬಂದ್ ಆಗಿಯೇ ಬರುತ್ತವೆ. ಎರಡನ್ನೂ ಆನ್ ಮಾಡಿ, ಮಿತಿಯನ್ನು ₹2,000ಕ್ಕೆ ಇಟ್ಟು, ಕೊಂಡಾದ ಮೇಲೆ ಮತ್ತೆ ಆಫ್ ಮಾಡಿಬಿಡಿ.

ಪೇಪಾಲ್ ಎಂಬ ಆನ್‌ಲೈನ್ ಪಾವತಿ ಖಾತೆ ಇದ್ದರೆ ಆಯಿತಲ್ಲ ಅನ್ನುವವರು ಇನ್ನೊಂದು ಗೋಡೆಗೆ ತಲೆ ಹೊಡೆದುಕೊಳ್ಳುತ್ತಾರೆ. 2021ರ ಏಪ್ರಿಲ್ 1ರಿಂದ ಪೇಪಾಲ್ ಭಾರತದ ಒಳಗಿನ ಪಾವತಿ ಸೇವೆಯನ್ನು ನಿಲ್ಲಿಸಿದೆ. ಕೊಳ್ಳುವವರದೂ ಭಾರತದ ಖಾತೆ, ತಂಡದ್ದೂ ಭಾರತದ ಖಾತೆ ಆದರೆ ದುಡ್ಡು ದಾಟುವುದಿಲ್ಲ. ಬರ್ಲಿನ್ನಿನ ತಂಡಕ್ಕೆ ಬಸವನಗುಡಿಯಿಂದ ಕಳಿಸಬಹುದು, ಬನಶಂಕರಿಯ ತಂಡಕ್ಕೆ ಆಗದು! ಕಾರ್ಡಿನ ಆಯ್ಕೆ ಕಂಡರೆ ಅದನ್ನೇ ಒತ್ತಿ. ಅಮೆರಿಕ, ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಈ ತೊಡಕಿಲ್ಲ. ಆಲ್ಬಂ ಕೊಂಡು ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಉಡುಗೊರೆಯಾಗಿ ಕಳಿಸುವ ಗುಂಡಿಯೂ ಅಲ್ಲೇ ಇದೆ.

ಖರ್ಚು ಎಷ್ಟಾಗುತ್ತದೆ ಅಂದರೆ, ಡಾಲರಿಗೆ ₹90 ಎಂದಿಟ್ಟುಕೊಂಡರೆ 7 ಡಾಲರಿನ ಆಲ್ಬಂ ₹630. ಬ್ಯಾಂಕು ವಿದೇಶಿ ವಹಿವಾಟಿಗೆ 3.5% ಹಾಕಿದರೆ ₹22, ಅದರ ಮೇಲೆ 18% ಜಿಎಸ್‌ಟಿ ₹4. ಒಟ್ಟು ₹656 ಆಯಿತು. ಎಲ್‌ಪಿ ತಟ್ಟೆ ತರಿಸುವ ಆಸೆ ಇದ್ದರೆ ಬೆಲೆ ನೋಡುವ ಮೊದಲೇ ಅಂಚೆ ಖರ್ಚು ನೋಡಿ. ತಟ್ಟೆಗಿಂತ ಅದೇ ಜಾಸ್ತಿ ಆಗುವುದು ಅಪರೂಪವಲ್ಲ, ಮೇಲೆ ಕಸ್ಟಮ್ಸ್ ಸುಂಕ ಬೇರೆ.

‘ನಿಮಗೆ ತೋಚಿದಷ್ಟು ಕೊಡಿ’ ಎಂದಿರುವ ಆಲ್ಬಮ್ಮಿಗೆ ಸೊನ್ನೆ ಎಂದು ಬರೆದರೂ ಇಳಿಸಿಕೊಳ್ಳಬಹುದು. ಆದರೆ ತಂಡಕ್ಕೆ ತಿಂಗಳಿಗೆ ಸಿಗುವ ಉಚಿತ ಇಳಿಕೆಯ ಕೋಟಾ 200. ‘ಆಮೇಲೆ ಇಳಿಸಿಕೊಳ್ಳೋಣ’ ಎಂದು ಬಿಟ್ಟ ಆಲ್ಬಂ ತಿಂಗಳ ಕೊನೆಗೆ ದುಡ್ಡು ಕೇಳತೊಡಗಿದರೆ ಕಾರಣ ಅದೇ ಇರಬಹುದು.

2020ರ ಮಾರ್ಚಿನಲ್ಲಿ ಶುರುವಾದ, ಆಯ್ದ ಕೆಲವು ಶುಕ್ರವಾರ ಮಾತ್ರ ಬರುವ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನ ತಾಣ ತನ್ನ ಪಾಲು ಬಿಟ್ಟುಕೊಡುತ್ತದೆ, ತಂಡಕ್ಕೆ ಸರಾಸರಿ 93% ಹೋಗುತ್ತದೆ. ಗಡಿಯಾರ ಮಾತ್ರ ಅಮೆರಿಕದ ಪಶ್ಚಿಮ ಕರಾವಳಿಯದು. ಅಲ್ಲಿಯ ಮಧ್ಯರಾತ್ರಿ ಎಂದರೆ ಇಲ್ಲಿ ಶುಕ್ರವಾರ ಮಧ್ಯಾಹ್ನ 12:30, ಅವರ ಚಳಿಗಾಲದಲ್ಲಿ 1:30. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೊಂಡರೆ ಅದು ಮಾಮೂಲಿ ಗುರುವಾರದ ವ್ಯಾಪಾರ. ಶನಿವಾರ ಬೆಳಿಗ್ಗೆ ಕೊಂಡರೆ ಲೆಕ್ಕಕ್ಕೆ ಬರುತ್ತದೆ.

ಕೊಂಡ ಮೇಲೆ ಯಾವ ರೂಪದಲ್ಲಿ ಬೇಕು ಎಂದು ಕೇಳುತ್ತದೆ. ಮನೆಯಲ್ಲಿ ಕಾಪಿಟ್ಟುಕೊಳ್ಳಲು ಧ್ವನಿಯ ಗುಣ ಒಂದಿಷ್ಟೂ ಕುಂದದ ಫ್ಲ್ಯಾಕ್, ಫೋನಿಗೆ ಎಂಪಿ3 320. ಎಷ್ಟು ಸಲ ಬೇಕಾದರೂ ಇಳಿಸಿಕೊಳ್ಳಬಹುದಾದ್ದರಿಂದ ಎರಡನ್ನೂ ತೆಗೆದುಕೊಳ್ಳಿ. 45 ನಿಮಿಷದ ಆಲ್ಬಂ ಎಂಪಿ3 320ರಲ್ಲಿ ಸುಮಾರು 108 ಎಂಬಿ, ಫ್ಲ್ಯಾಕ್‌ನಲ್ಲಿ ಅದರ ಎರಡೂವರೆ ಪಟ್ಟು ಆಗುತ್ತದೆ. ಬರುವುದು ಜಿಪ್ ಕಡತ, ಬಿಚ್ಚದೆ ಪೆನ್‌ಡ್ರೈವಿಗೆ ಹಾಕಿದರೆ ಕಾರಿನ ಸ್ಟೀರಿಯೊಗೆ ಏನೂ ಕಾಣುವುದಿಲ್ಲ. ಹಳೆಯ ಸ್ಟೀರಿಯೊಗಳಿಗೆ ಫ್ಲ್ಯಾಕ್ ಗೊತ್ತಿಲ್ಲ, ಕನ್ನಡ ಲಿಪಿಯೂ ಗೊತ್ತಿಲ್ಲ. ಹಾಡಿನ ಹೆಸರು ಕನ್ನಡದಲ್ಲಿದ್ದರೆ ಪರದೆಯ ಮೇಲೆ ಬರೀ ಚೌಕ ಚೌಕ. ಎಂಪಿ3ಟ್ಯಾಗ್‌ನಂಥ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವಿನ ಪ್ರತಿಗಷ್ಟೇ ಹೆಸರು ಬದಲಿಸಿ, ಮೂಲವನ್ನು ಮುಟ್ಟಬೇಡಿ.

ಇಳಿಸಿಕೊಳ್ಳುವುದನ್ನು ಕೊಂಡ ದಿನವೇ ಮುಗಿಸಿ, ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಡಿ. 2022ರಲ್ಲಿ ಎಪಿಕ್ ಗೇಮ್ಸ್ ಈ ಅಂಗಡಿಯನ್ನು ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್‌ಗೆ ಮಾರಿತು, ಆಗ ಹತ್ತಿರಹತ್ತಿರ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಎರಡು ವರ್ಷದಲ್ಲಿ ಎರಡು ಸಲ ಯಜಮಾನ ಬದಲಾದ ಮನೆಯಲ್ಲಿ ಒಡವೆ ಇಟ್ಟುಬರುವವರು ಯಾರು?

ಡಾಲರು, ಪೇಪಾಲು, ಕಾರ್ಡಿನ ಗೋಳು ಯಾವುದೂ ಬೇಡ ಅಂದರೆ ಮತ್ತೆ ಆ ಮೇಜಿನ ಹತ್ತಿರವೇ ಬರಬೇಕು. ಚೀಟಿಗೆ ಯುಪಿಐನಲ್ಲಿ ರೂಪಾಯಿ ಕೊಟ್ಟರೆ ಪೂರ್ತಿ ದುಡ್ಡು ತಂಡದ ಕೈಗೇ. ಮನೆಗೆ ಬಂದು ಮೊದಲು ಬ್ಯಾಂಡ್‌ಕ್ಯಾಂಪ್ ಖಾತೆಗೆ ಲಾಗಿನ್ ಆಗಿ, ಆಮೇಲೆ ತಾಣದ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ‘ಯಮ್’ ಎಂದು ಸೇರಿಸಿ. ವೈ, ಯು, ಎಂ, ಅಷ್ಟೇ. ತೆರೆದ ಪುಟದಲ್ಲಿ ಕೋಡ್ ಹಾಕಿ. ಲಾಗಿನ್ ಆಗದೆ ಹಾಕಿದರೆ ಹಾಡು ಇಳಿಯುತ್ತದೆ, ನಿಮ್ಮ ಸಂಗ್ರಹಕ್ಕೆ ಸೇರುವುದು ತಪ್ಪಿಹೋಗಬಹುದು. ಒಂದು ಕೋಡ್ ಒಂದೇ ಸಲ ನಡೆಯುತ್ತದೆ, ಆದ್ದರಿಂದ ಚೀಟಿಯ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ, ನಿಮಗಿಂತ ಮುಂಚೆ ಇನ್ಯಾರೋ ಬಳಸಿಬಿಡುತ್ತಾರೆ.

ಮೇಜಿನ ಮೇಲೆ ಚೀಟಿ ಕಾಣದಿದ್ದರೆ ಬಾಯಿಬಿಟ್ಟು ಕೇಳಿ. ‘ಬ್ಯಾಂಡ್‌ಕ್ಯಾಂಪ್ ಕೋಡ್ ಇದ್ಯಾ ಗುರು?’ ಅಂದರೆ ಸಾಕು. ಅಚ್ಚು ಹಾಕಿಸಿರದಿದ್ದರೂ ತಂಡದವರು ತಮ್ಮ ಖಾತೆಯಿಂದ ಕೋಡ್ ತೆಗೆದು ವಾಟ್ಸಾಪಿನಲ್ಲಿ ಕಳಿಸಬಹುದು. ಆಂಪ್ಲಿಫೈಯರುಗಳನ್ನು ಟೆಂಪೊಗೆ ಏರಿಸುವ ಮುಂಚೆ ಕೇಳಬೇಕು, ಆಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.